ಎದೆಗೆ ಕೋಸಿನೆಲೆ

ಐದನೆಯ ದಿನ ಎದೆ ಕಲ್ಲಾಯಿತು.
ಬಲಗಡೆ ಹೆಚ್ಚು. ಕೆಂಪು, ಬಿಸಿ,
ಅಂಗಿ ತಾಕಿದರೂ ಕಣ್ಣಲ್ಲಿ ನೀರು.
ಹಸಿದ ಇಗ್ನಾತ್ಸಿ ಬಾಯಿ ಹಾಕಿದ, ಹಿಡಿತ ಸಿಗದೆ
ಮುಖ ತಿರುವಿ ಚೀರಿದ,
ತುಂಬಿದ ಕೊಡದ ಮುಂದೆ ಬಾಯಾರಿದವನು.

ಮನೆಗೆ ಬಂದ ಸೂಲಗಿತ್ತಿ ನರ್ಸು ಒತ್ತಿ ನೋಡಿ
ಉರಿಯೂತ ಎಂದು ಬರೆದುಕೊಂಡಳು.
ಪದದೊಳಗೇ ಬೆಂಕಿ ಇದೆ; ನನಗದು ಹೊಸತಲ್ಲ.
ಜ್ವರ ಮೂವತ್ತೆಂಟೂವರೆ ದಾಟಿದರೆ ಡಾಕ್ಟರು,
ಅಲ್ಲಿಯವರೆಗೂ ಕುಡಿಸುತ್ತಿರು, ಬಿಡಬೇಡ,
ಎಂದು ಬೂಟು ಹಾಕಿಕೊಂಡು ಹೋದಳು.

ಅತ್ತೆ ಲೆಯೊಕಾಡಿಯಾ ಬಾಗಿಲಲ್ಲೇ ನಿಂತು ಕೇಳಿದರು.
ನಾಲ್ಕು ಮಹಡಿ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.
ಮೂರು ವರ್ಷದಿಂದ ನಾವಿಬ್ಬರೂ
ಕೆನ್ನೆಯ ಪಕ್ಕದ ಗಾಳಿಗೆ ಮುತ್ತಿಡುವಷ್ಟು ನೆಂಟರು.

ಬಿಯಾವಿಸ್ತೋಕಿನ ಜನವರಿಯಲ್ಲಿ
ಬಾಲ್ಕನಿಯೇ ಎರಡನೇ ಫ್ರಿಜ್ಜು:
ಬೀಟ್‌ರೂಟು, ಹಂದಿಕೊಬ್ಬಿನ ಡಬ್ಬಿ, ವಿಟೋಲ್ಡನ ಬಿಯರು,
ನೆತ್ತಿಗೆ ಮಂಜು ಕೂತ ಒಂದು ಎಲೆಕೋಸು.
ಅದನ್ನು ಕಂಕುಳಲ್ಲಿ ಎತ್ತಿ ತಂದರು,
ಕೂಸನ್ನು ಎತ್ತಿದ ಹಾಗೇ.

ಹೊರಗಿನ ಎರಡು ಎಲೆ ಕಸಕ್ಕೆ.
ಒಳಗಿನವನ್ನು ಬುಡದಿಂದ ಬಿಡಿಸಿ, ತೊಳೆದು,
ನಡುವಿನ ದಪ್ಪ ನರವನ್ನು ಚಾಕುವಿನಲ್ಲಿ ಸವರಿ
ಲಟ್ಟಣಿಗೆ ಉರುಳಿಸಿದರು.
ಚಟಪಟ ಚಟಪಟ,
ಎಲೆ ಬೆವರುವ ತನಕ.

"ಅಂಗಿ ಬಿಚ್ಚು" ಅಂದರು,
ಉಪ್ಪಿನ ಡಬ್ಬಿ ಕೊಡು ಅನ್ನುವ ದನಿಯಲ್ಲಿ.

ತಣ್ಣಗೆ. ಅಯ್ಯೋ ದೇವರೇ, ತಣ್ಣಗೆ.
ಹುಟ್ಟಿದಾಗಿನಿಂದ ಏನನ್ನೋ ಸುತ್ತಿಯೇ ಬೆಳೆದ ಎಲೆ,
ಬಟ್ಟಲಿನ ಹಾಗೆ ಕೂತಿತು.

"ಇಪ್ಪತ್ತು ನಿಮಿಷ. ಹೆಚ್ಚು ಬೇಡ.
ಇಡೀ ದಿನ ಕಟ್ಟಿದರೆ ಹಾಲೇ ಬತ್ತುತ್ತದೆ."
"ನಿಮಗೆ ಹೇಗೆ ಗೊತ್ತು?"
ಕೇಳಿದ್ದು ಬರೀ ಮಾತಿಗೆ.

ಒರೆಸಿದ ಚಾಕುವನ್ನೇ ಮತ್ತೆ ಒರೆಸಿದರು.

"ಆ ದೊಡ್ಡ ಹಿಮದ ವರ್ಷ.
ಜೀತಾ ಅಂತ ಹೆಸರಿಟ್ಟಿದ್ದೆ. ಆರು ದಿನ ಇದ್ದಳು.
ಹಾಲಿಗೆ ಯಾರೂ ಹೇಳಿರಲಿಲ್ಲ,
ಅದು ಬರುತ್ತಲೇ ಇತ್ತು.
ಹಗಲೂ ರಾತ್ರಿ ಕೋಸು ಕಟ್ಟಿಕೊಂಡೆ.
ಮಾಂಸದಂಗಡಿಯ ಸಾಲಲ್ಲಿ ನಿಂತಾಗ
ಕೋಟಿನೊಳಗೆ ಎಲೆ ಕರ್ ಅನ್ನುತ್ತಿತ್ತು.
ಹಿಂದಿನವಳು ಮೂಸಿ, ಮೆಲ್ಲಗೆ ಕೇಳಿದಳು,
ಕೋಸು ಯಾವ ಅಂಗಡಿಗೆ ಬಂದಿದೆ?"

ನಕ್ಕರು. ನಾನೂ ನಕ್ಕೆ.
ನಕ್ಕರೆ ಎದೆ ನೋಯುತ್ತದೆ.

"ವಿಟೋಲ್ಡನಿಗೆ ನಾಲ್ಕು. ಪಾಪು ಎಲ್ಲಿ ಅಂದ.
ಕೋಸಿನ ಮಡಿಯಲ್ಲಿ ಸಿಕ್ಕಿದ್ದು ಅಂತ
ನಾನೇ ತಾನೇ ಹೇಳಿದ್ದು, ಎಲ್ಲರೂ ಹೇಳುವ ಹಾಗೆ.
ಮತ್ತೆ ಅಲ್ಲೇ ಇಟ್ಟು ಬಂದೆ ಅಂದುಬಿಟ್ಟೆ.
ಮಧ್ಯಾಹ್ನ ಕಿಟಕಿಯಿಂದ ನೋಡಿದರೆ
ಸೂಪಿನ ಚಮಚ ಹಿಡಿದು ಹಿತ್ತಲ ಹಿಮ ಅಗೆಯುತ್ತಿದ್ದ."

ಗಡಿಯಾರ ನೋಡಿ, ಕೈ ಹಾಕಿ ಎಲೆ ತೆಗೆದರು.
ಬಾಡಿ, ಮೆತ್ತಗಾಗಿ, ಹಬೆಯ ವಾಸನೆ.
"ಬೆಂದಿದೆ" ಅಂದರು, ಬೆಳಕಿಗೆ ಹಿಡಿದು.
ನನ್ನ ಉರಿ ಅದರ ಮೈಯಲ್ಲಿ
ಸಣ್ಣ ಸಣ್ಣ ಗೆರೆಯಾಗಿ ಇಳಿದಿತ್ತು.

ಎರಡನೇ ಜೋಡಿ. ಆಮೇಲೆ ಮೂರನೆಯದು.
ಸಂಜೆ ಹೊತ್ತಿಗೆ ಒಳಗೆಲ್ಲೋ ಒಂದು ಗಂಟು ಸಡಿಲಿತು.
ಇಗ್ನಾತ್ಸಿ ಮೂಗು ಸೊಟ್ಟ ಮಾಡಿ,
ಕೋಸಿನ ವಾಸನೆಯನ್ನು ಕ್ಷಮಿಸಿ,
ಕಚ್ಚಿದ. ಗುಟುಕು ಕೇಳಿಸಿತು.
ಅತ್ತೆ ಗೋಡೆಯ ಕಡೆ ತಿರುಗಿ ಕೂತರು.

ಉಳಿದ ಕೋಸಿನ ಗೆಡ್ಡೆ ಸೂಪಿಗೆ ಬಿತ್ತು.
ಕೆಲಸ ಮುಗಿಸಿ ಬಂದ ವಿಟೋಲ್ಡ್ ಮುಚ್ಚಳ ತೆರೆದು,
"ಅಷ್ಟು ದೊಡ್ಡ ಕೋಸು, ಇಷ್ಟೇನಾ?" ಅಂದ.
ನಾವಿಬ್ಬರೂ ಉತ್ತರಿಸಲಿಲ್ಲ.
ಅವರು ಡ್ರಾಯರಿನಲ್ಲಿ ಹುಡುಕಿ
ಅವನ ಕೈಗೆ ಚಮಚ ಕೊಟ್ಟರು.

ಅವನು ಕುಡಿದು ಮುಗಿಸುವವರೆಗೂ
ನಾನು ಆ ಚಮಚವನ್ನೇ ನೋಡುತ್ತಿದ್ದೆ.